ಹೆಂಚಿನ ಭಟ್ಟಿ ಆರಿತು, ಚರ್ಚಿನ ಗಂಟೆ ನಿಲ್ಲಲಿಲ್ಲ

ಮಂಗಳೂರು: ‘ಸಂಕಟ ಬಂದಾಗ ವೆಂಕಟರಮಣ’ ಅನ್ನೋದು ನಮ್ಮವರ ಗಾದೆ. ವ್ಯಾಪಾರ ಬಿದ್ದರೆ, ಕೆಲಸ ಹೋದರೆ ಜನ ದೇವರ ಕಡೆ ಓಡ್ತಾರೆ ಅಂತ ಅರ್ಥ. ಕ್ರೈಸ್ತರಲ್ಲೂ ಹೀಗೇ ಉಂಟಾ? ಕಷ್ಟಕಾಲದಲ್ಲಿ ಚರ್ಚು ತುಂಬುತ್ತದೋ, ಖಾಲಿಯಾಗುತ್ತದೋ? ಉತ್ತರಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ನಮ್ಮೂರ ಹೆಂಚಿನ ಕಥೆಯೇ ಸಾಕು.

ಅನ್ನ ಕೊಟ್ಟ ಮಿಷನ್

1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಆ ಕಾಲದಲ್ಲಿ ಮತ ಬದಲಿಸಿದವನಿಗೆ ಮೊದಲ ಪೆಟ್ಟು ಬೀಳುತ್ತಿದ್ದದ್ದು ಹೊಟ್ಟೆಗೆ. ಮನೆಯವರು ಹೊರಗೆ ಹಾಕ್ತಿದ್ದರು. ಕುಲಕಸುಬು ತಪ್ಪುತ್ತಿತ್ತು. ಶೇಂದಿ ಇಳಿಸುವವನಿಗಂತೂ ಆ ಕೆಲಸವೇ ಬೇಡ ಅಂತ ಮಿಷನ್ನೇ ಹೇಳುತ್ತಿತ್ತು. ಹಾಗಾದರೆ ಗಂಜಿಗೇನು ದಾರಿ?

ಮಿಷನ್ ದಾರಿ ಮಾಡಿತು. 1841ರಲ್ಲಿ ಛಾಪಖಾನೆ ಬಂತು. ನೇಯ್ಗೆಯ ಮಗ್ಗಗಳು ಬಂದವು. 1865ರಲ್ಲಿ ನೇತ್ರಾವತಿಯ ಮಣ್ಣು ನಂಬಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬಾತ ಹೆಂಚಿನ ಕಾರ್ಖಾನೆ ಹಾಕಿದ. ಮುಂದೆ ಕುದ್ರೋಳಿ, ಮಲ್ಪೆ, ಆಚೆ ಮಲಬಾರಿನವರೆಗೂ ಕಾರ್ಖಾನೆಗಳೆದ್ದವು. ಕೆಲಸ ಕೊಡುವವರೂ ಅವರೇ, ಭಾನುವಾರ ಪ್ರಸಂಗ ಮಾಡುವವರೂ ಅವರೇ!

ಇದನ್ನು ನೋಡಿ ಊರಿನ ನಾಲಿಗೆ ಸುಮ್ಮನಿರುತ್ತದೆಯೇ? ‘ಅನ್ನಕ್ಕಾಗಿ ಕಿರಿಸ್ತಾನರಾದವರು’ ಅಂತ ಚುಚ್ಚುಮಾತು ಹುಟ್ಟಿತು. ಕೆಲಸ ಕೈಬಿಟ್ಟ ದಿನ ಇವರ ಭಕ್ತಿಯೂ ಬಿಡುತ್ತದೆ ಎಂದು ಅದರ ಒಳಗುಟ್ಟು.

ಪರೀಕ್ಷೆ ಬಂತು

1914ರಲ್ಲಿ ಮಹಾಯುದ್ಧ ಹೊತ್ತಿತು. ಮಿಷನ್ನಿನಲ್ಲಿ ಜರ್ಮನ್ನರೇ ಹೆಚ್ಚು. ಬ್ರಿಟಿಷ್ ಸರ್ಕಾರ ಅವರನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದಲೇ ಸಾಗಹಾಕಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಅಲ್ಲಿಗೆ ಕೂಲಿ ಕೊಡುವ ಕೈ ಬೇರೆ, ಆಶೀರ್ವಾದ ಮಾಡುವ ಕೈ ಬೇರೆ ಆಯಿತು.

ಅನ್ನಕ್ಕಾಗಿಯೇ ಬಂದವರಾಗಿದ್ದರೆ ಅವತ್ತೇ ಗಂಟುಮೂಟೆ ಕಟ್ಟಬೇಕಿತ್ತು. ಹಾಗೆ ಆಗಲಿಲ್ಲ. ವಿದೇಶೀ ಪಾದ್ರಿ ಇಲ್ಲದಾಗ ಊರಿನ ಬೋಧಕರು, ಸಭೆಯ ಹಿರಿಯರು ಹೊಣೆ ಹೊತ್ತರು. ಸಭೆ ಉಳಿಯಿತು. 1862ರಷ್ಟು ಹಳೆಯ ಬಲ್ಮಠದ ಶಾಂತಿ ಕೆಥೆಡ್ರಲ್‌ನಲ್ಲಿ ಇವತ್ತಿಗೂ ಕನ್ನಡದ ಪ್ರಾರ್ಥನೆ ನಡೆಯುತ್ತಿದೆ. ಆದರೆ ಹೆಂಚಿನ ಕಾಲ ಮುಗಿಯಿತು. ಕಾಂಕ್ರೀಟಿನ ತಾರಸಿ ಬಂತು, ಮಣ್ಣಿಗೂ ಸೌದೆಗೂ ತುಟ್ಟಿಯಾಯಿತು. ಭಟ್ಟಿಗಳು ಒಂದೊಂದಾಗಿ ಆರಿದವು. ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ಅಂತ ಬಸ್ಸು, ವಿಮಾನ ಹತ್ತಿದರು. ಹೀಗೆ ಹೋದವನ ಜಾಗ ಬೆಂಚಿನಲ್ಲಿ ಖಾಲಿ ಬಿದ್ದರೆ ಅವನ ನಂಬಿಕೆಯೇ ಖಾಲಿ ಅನ್ನಲಾದೀತೇ?

ಅಮೆರಿಕದಲ್ಲೂ ಅಷ್ಟೇ

1857ರಲ್ಲಿ ನ್ಯೂಯಾರ್ಕಿನ ಫುಲ್ಟನ್ ಬೀದಿಯಲ್ಲಿ ಲ್ಯಾನ್‌ಫಿಯರ್ ಎಂಬ ಮಾಜಿ ವ್ಯಾಪಾರಿ ಮಧ್ಯಾಹ್ನದ ಪ್ರಾರ್ಥನೆ ಶುರು ಮಾಡಿದ. ಮೊದಲ ದಿನ ಸೇರಿದ್ದು 6 ಜನ. ಮುಂದಿನ ತಿಂಗಳು ಬ್ಯಾಂಕುಗಳು ಹಣ ಕೊಡದೆ ಕೈಯೆತ್ತಿದವು. ಪ್ರಾರ್ಥನೆಗೆ ಜಾಗ ಸಾಲದಾಯಿತು. ಗಾದೆ ನಿಜವಾಯ್ತಲ್ಲ ಅಂದರೆ, 1930ರ ದಶಕದ ಮಹಾಮುಗ್ಗಟ್ಟಿನಲ್ಲಿ ಉಲ್ಟಾ. ಚರ್ಚುಗಳ ಕಾಣಿಕೆ ಕುಸಿಯಿತು, ಪಾದ್ರಿಗಳ ಸಂಬಳಕ್ಕೂ ಕತ್ತರಿ ಬಿತ್ತು. 2008ರ ಕುಸಿತದಲ್ಲಿ ‘ಚರ್ಚುಗಳು ತುಂಬ್ತಿವೆ’ ಅಂತ ಪತ್ರಿಕೆಗಳು ಬರೆದವು. ಗ್ಯಾಲಪ್ ಸಂಸ್ಥೆ ಜನರನ್ನು ಕೇಳಿ ನೋಡಿದರೆ, ಹಾಜರಿ ಏರಿದ ಕುರುಹೇ ಇಲ್ಲ!

ನಾಚಿಕೆಯ ಲೆಕ್ಕ

ಕಷ್ಟ ಬಂದವನು ದೇವರನ್ನು ಬಿಟ್ಟ ಅಂತ ತೀರ್ಮಾನಿಸೋದು ಸುಲಭ. ಆದರೆ ಕಾಣಿಕೆ ತಟ್ಟೆ ಎದುರು ಬಂದಾಗ ಕಿಸೆಯಲ್ಲಿ ಬಿಡಿಕಾಸಿಲ್ಲದಿದ್ದರೆ? ಹಬ್ಬಕ್ಕೆ ಮಕ್ಕಳಿಗೆ ಹೊಸ ಬಟ್ಟೆ ಇಲ್ಲದಿದ್ದರೆ? ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಕಿ ಉಳಿಸಿಕೊಂಡ ಗಿರಾಕಿ ಅಂಗಡಿ ಮುಂದೆ ಬರದೆ ಆಚೆ ರಸ್ತೆ ಹಿಡೀತಾನೆ. ದ್ವೇಷದಿಂದಲ್ಲ, ನಾಚಿಕೆಯಿಂದ.

ಆದ್ದರಿಂದ ಮುಗ್ಗಟ್ಟಿನ ಕಾಲದಲ್ಲಿ ಬೆಂಚು ಎಣಿಸುವುದಕ್ಕಿಂತ, ಬಾರದವನ ಮನೆಗೆ ಹೋಗಿ ‘ಒಲೆ ಉರೀತಾ ಉಂಟಾ ಮಾರಾಯ್ರೇ?’ ಅಂತ ವಿಚಾರಿಸುವುದು ಸಭೆಗೆ ಶೋಭೆ. ಚರ್ಚಿಗಷ್ಟೇ ಅಲ್ಲ, ದೇವಸ್ಥಾನ, ಮಸೀದಿಗೂ ಈ ಮಾತು ಸಲ್ಲುತ್ತದೆ.