ನಿಮಗಿದು ಗೊತ್ತೆ? ಗೋಡೆಯಾಚೆ ಗೋಡೆ, ಹಾಟ್ ಡಾಗ್ ಅಂಗಡಿ

ಅಮೆರಿಕದ ಡೆಟ್ರಾಯಿಟ್ ನಗರದ ನಡುಪೇಟೆಗೆ ಹೋದರೆ ಎರಡು ಹಳೆಯ ಹಾಟ್ ಡಾಗ್ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿವೆ: ‘ಅಮೆರಿಕನ್ ಕೋನಿ ಐಲ್ಯಾಂಡ್’ ಮತ್ತು ‘ಲಾಫಯೆಟ್ ಕೋನಿ ಐಲ್ಯಾಂಡ್’. ಮೊದಲನೆಯದನ್ನು 1917ರಲ್ಲಿ ತೆರೆದವರು ಗ್ರೀಸ್‌ನಿಂದ ವಲಸೆ ಬಂದ ಗಸ್ಟ್ ಕೆರೋಸ್. ಪಕ್ಕದ ಅಂಗಡಿಯ ಮೂಲವೂ ಅದೇ ಮನೆತನ. ಯಾವುದು ರುಚಿ ಎಂಬ ವಾದ ಊರಿನಲ್ಲಿ ಇನ್ನೂ ಮುಗಿದಿಲ್ಲ. ಹೋದವರು ಎರಡರಲ್ಲೂ ಒಂದೊಂದು ತಿಂದು ನೋಡುವುದೇ ಸರಿ.

ಕೋನಿ ಐಲ್ಯಾಂಡ್ ಇರುವುದು ನ್ಯೂಯಾರ್ಕಿನ ಕಡಲತಡಿಯಲ್ಲಿ. ಹೆಸರು ಅಲ್ಲಿಯದಾದರೂ ಈ ಅಂಗಡಿಗಳ ತಿನಿಸು ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದ್ದು. ಆವಿಯಲ್ಲಿ ಮೆತ್ತಗಾದ ಬನ್ನಿನೊಳಗೆ ಬಿಸಿ ಸಾಸೇಜ್. ಅದರ ಮೇಲೆ ಕಾಳು ಹಾಕದ ಖೀಮಾ ಗೊಜ್ಜು, ಹಳದಿ ಸಾಸಿವೆ ಸಾಸ್, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ. ಕಚ್ಚಿದಾಗ ‘ಚಟ್’ ಎನ್ನುವುದೇ ಇದರ ಸೊಗಸು. ಮಾಂಸವನ್ನು ಕರುಳಿನ ತೆಳು ಪೊರೆಯಲ್ಲಿ ತುಂಬುವುದರಿಂದ ಆ ಸದ್ದು. (ಹೆಸರಿನಲ್ಲಿ ‘ಡಾಗ್’ ಇದ್ದರೂ ಒಳಗಿರುವುದು ದನದ ಅಥವಾ ಹಂದಿಯ ಮಾಂಸ.)

ಮಿಷಿಗನ್ನಿನಲ್ಲಿ ಈಗ ‘ಕೋನಿ ಐಲ್ಯಾಂಡ್’ ಎಂದರೆ ಇಂಥ ಸಾದಾ ಹೋಟೆಲುಗಳಿಗೆಲ್ಲ ಒಂದೇ ಹೆಸರು.