ಸೋತವರೇ ಸೈನಿಕರಾಗುವ ಸೇನೆ

‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಆಟದಲ್ಲಿ ಒಂದು ಕದನ ಮುಗಿದ ಕೂಡಲೇ ಪರದೆಯ ಮೇಲೆ ಲೆಕ್ಕ ಮೂಡುತ್ತದೆ: ಗೆದ್ದವರ ಕಡೆ ಎಷ್ಟು ಮಂದಿ ಸತ್ತರು, ಸೋತವರ ಕಡೆ ಎಷ್ಟು. ಉಳಿದ ಬಣಗಳನ್ನು ಆಡುವವರಿಗೆ ಕಥೆ ಅಲ್ಲಿಗೆ ಮುಗಿಯಿತು. ‘ನೆಕ್ರೊಪೊಲಿಸ್’ ಎಂಬ ಮಸಣದ ನಗರವನ್ನು ಆಯ್ದುಕೊಂಡವರಿಗೆ ಮಾತ್ರ ಇನ್ನೊಂದು ಸುದ್ದಿ ಕಾದಿರುತ್ತದೆ. ಸತ್ತ ಶತ್ರುಗಳಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ಎದ್ದು ಅವರದೇ ಸೇನೆ ಸೇರಿರುತ್ತದೆ. ಹೆಣ ಎಬ್ಬಿಸುವ ವಿದ್ಯೆಯಲ್ಲಿ ನಾಯಕ ಪೂರ್ತಿ ಪಳಗಿದ್ದರೆ ಆ ಪಾಲು ಶೇ 30. ಅಂದರೆ 100 ಸೈನಿಕರನ್ನು ಕೊಂದರೆ ಸುಮಾರು 30 ಅಸ್ಥಿಪಂಜರಗಳು ಬಿಟ್ಟಿಯಾಗಿ ಸಿಕ್ಕಂತೆ.

1999ರಲ್ಲಿ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆ ತಂದ ಈ ಆಟದಲ್ಲಿ ಬರುವ ಪಡೆಗೆ ಗೇಮಿಂಗ್ ಲೋಕದಲ್ಲಿ ‘ಅನ್‌ಡೆಡ್’ ಎಂದು ಹೆಸರು. ಸತ್ತೂ ಸಾಯದವರು. ಮಾಂತ್ರಿಕ ಲೋಕದ ಕಥೆ ಹೇಳುವ ಆಟಗಳಲ್ಲಿ ಅವರಿಲ್ಲದ ಆಟ ಹುಡುಕುವುದೇ ಕಷ್ಟ. ಕೊಳೆತ ಮೈ, ಹಸಿರು ಬೆಳಕಿನ ಕಣ್ಣು, ಎಲುಬಿನ ಕಟಕಟ ಸದ್ದು, ಇವನ್ನೆಲ್ಲ ಚಿತ್ರಕಾರರು ಚೆನ್ನಾಗಿಯೇ ಬಿಡಿಸುತ್ತಾರೆ. ಆದರೆ ಒಳ್ಳೆಯ ಆಟಗಳಲ್ಲಿ ಭಯ ಹುಟ್ಟುವುದು ಚಿತ್ರದಿಂದಲ್ಲ, ನಿಯಮದಿಂದ. ಎದುರಾಳಿಯ ನಷ್ಟವೇ ತಮ್ಮ ಬಂಡವಾಳವಾಗುವ ಪಡೆಯೊಂದು ಎದುರಿಗೆ ನಿಂತಿದೆ ಎಂದು ಅರ್ಥವಾದಾಗ ಆಟಗಾರ ನಿಜವಾಗಿ ಬೆವರುತ್ತಾನೆ.

ಈ ಕಲ್ಪನೆಯ ಬೇರುಗಳು ಹಲವು ನಾಡುಗಳಲ್ಲಿವೆ. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿ ರಕ್ತ ಹೀರುವ ಶ್ರೀಮಂತ ದೊರೆಯನ್ನು ಕೊಟ್ಟಿತು. ಐಸ್‌ಲ್ಯಾಂಡಿನ ಹಳೆಯ ಕಥನಗಳಲ್ಲಿ ತಮ್ಮ ಸಮಾಧಿಯನ್ನು ಕಾಯುವ ‘ಡ್ರಾಗರ್’ಗಳಿದ್ದವು, 2011ರ ‘ಸ್ಕೈರಿಮ್’ ಆಟದ ನೆಲಮಾಳಿಗೆಗಳಲ್ಲಿ ಈಗ ಅವೇ ಓಡಾಡುತ್ತವೆ. ವಿಕ್ರಮ–ಬೇತಾಳ ಕಥೆ ಕೇಳಿ ಬೆಳೆದ ಕನ್ನಡಿಗರಿಗೂ ಹೆಣದೊಳಗೆ ಹೊಕ್ಕು ಮಾತಾಡುವ ಜೀವ ಹೊಸದೇನಲ್ಲ. ಇವೆಲ್ಲಕ್ಕಿಂತ ನೋವಿನ ಬೇರು ಹೈಟಿ ದೇಶದ್ದು. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದವರ ನಾಡದು. ಅಲ್ಲಿನ ನಂಬಿಕೆಯ ಜೋಂಬಿ ಮನುಷ್ಯರನ್ನು ಕಚ್ಚಿ ತಿನ್ನುವ ಪ್ರಾಣಿಯಲ್ಲ. ಮಾಟಗಾರ ಎಬ್ಬಿಸಿ, ಸ್ವಂತ ಇಚ್ಛೆಯೇ ಇಲ್ಲದಂತೆ ಮಾಡಿ ದುಡಿಸಿಕೊಳ್ಳುವ ಹೆಣ. ಸತ್ತ ಮೇಲೂ ಜೀತ ತಪ್ಪದು ಎಂಬುದೇ ಅಲ್ಲಿನ ಭಯ. ಹಿಂಡು ಹಿಂಡಾಗಿ ಬಂದು ಮನುಷ್ಯರನ್ನು ತಿನ್ನುವ ರೂಪ ಬಂದದ್ದು 1968ರಲ್ಲಿ, ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದಿಂದ.

ಕಥೆಯನ್ನು ನಿಯಮವಾಗಿ ಬದಲಿಸಿದ ಕೆಲಸ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಆಟವಿದು. ಅಸ್ಥಿಪಂಜರದಿಂದ ಹಿಡಿದು ವ್ಯಾಂಪೈರ್‌ವರೆಗೆ ಸತ್ತೂ ಸಾಯದವರಿಗೆ ಇದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಲ ನಿಗದಿಯಾಯಿತು. ಅವರನ್ನು ದೈವಬಲದಿಂದ ಹಿಮ್ಮೆಟ್ಟಿಸುವ ಪುರೋಹಿತ ಬಂದ. ಸಾವನ್ನು ತಪ್ಪಿಸಿಕೊಳ್ಳಲು ತನ್ನ ಪ್ರಾಣವನ್ನು ಒಂದು ಕರಡಿಗೆಯಲ್ಲಿ ಬಚ್ಚಿಟ್ಟ ‘ಲಿಚ್’ ಎಂಬ ಮಾಂತ್ರಿಕನೂ ಬಂದ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕಥೆ ಬಲ್ಲವರಿಗೆ ಇವನ ಪರಿಚಯ ಬೇಕಿಲ್ಲ. ಮುಂದೆ ಬಂದ ಕಂಪ್ಯೂಟರ್ ಆಟಗಳು ಈ ಬುನಾದಿಯ ಮೇಲೆಯೇ ಕಟ್ಟಿಕೊಂಡವು.

ನೆಕ್ರೊಪೊಲಿಸ್ ಸೇನೆಯನ್ನು ಹತ್ತಿರದಿಂದ ನೋಡಿದರೆ ಆ ಕಟ್ಟಡದ ಕುಸುರಿ ಕಾಣುತ್ತದೆ. ಈ ಆಟದಲ್ಲಿ ಪ್ರತಿ ಸೈನಿಕನಿಗೂ ಹುರುಪಿನ ಲೆಕ್ಕವಿದೆ. ಹುರುಪು ಹೆಚ್ಚಿದ್ದರೆ ಒಂದೇ ಸರದಿಯಲ್ಲಿ ಎರಡು ಸಲ ಏಟು ಹಾಕುವ ಅವಕಾಶ, ಕುಗ್ಗಿದ್ದರೆ ನಿಂತಲ್ಲೇ ಮರಗಟ್ಟುವ ಅಪಾಯ. ಸತ್ತವರಿಗೆ ಎರಡೂ ಇಲ್ಲ. ಉಬ್ಬುವುದಿಲ್ಲ, ಕುಗ್ಗುವುದೂ ಇಲ್ಲ. ಜೀವಂತ ಸೈನಿಕರನ್ನು ಇವರ ಜೊತೆ ಒಂದೇ ಸೇನೆಯಲ್ಲಿ ನಿಲ್ಲಿಸಿದರೆ ಆ ಜೀವಂತರ ಹುರುಪು ಇಳಿಯುತ್ತದೆ. ಎಲುಬಿನ ಡ್ರ್ಯಾಗನ್ ಎದುರು ನಿಂತರೆ ಶತ್ರುವಿನ ಹುರುಪೂ ಇಳಿಯುತ್ತದೆ. ಹೆಣದ ಪಕ್ಕ ನಿಂತವನಿಗೆ ಆಗುವ ಅಳುಕನ್ನು ಒಂದು ಅಂಕಿಯಲ್ಲಿ ಹೇಳಿದ ರೀತಿ ಇದು.

ಅವರ ‘ವ್ಯಾಂಪೈರ್ ಲಾರ್ಡ್’ ಇನ್ನೂ ಚಾಣಾಕ್ಷ ಸೃಷ್ಟಿ. ಹಾರಿ ಬಂದು ಕಚ್ಚಿದರೆ ಎದುರಾಳಿಗೆ ತಿರುಗಿ ಹೊಡೆಯುವ ಅವಕಾಶವೇ ಇಲ್ಲ. ಹೀರಿದ ಜೀವದಿಂದ ತನ್ನ ಗುಂಪಿನಲ್ಲಿ ಸತ್ತವರನ್ನು ಮತ್ತೆ ಎಬ್ಬಿಸಿಕೊಳ್ಳುತ್ತಾನೆ. ಆದರೆ ಎದುರಿಗೆ ಕಲ್ಲಿನ ಗೊಂಬೆಗಳೋ ಇನ್ನೊಂದು ಅಸ್ಥಿಪಂಜರಗಳ ಸೇನೆಯೋ ಬಂದರೆ ಹೀರಲು ಜೀವವೇ ಇಲ್ಲ, ಆ ಶಕ್ತಿ ಅಲ್ಲಿ ನಡೆಯುವುದಿಲ್ಲ. ನಗರದೊಳಗಿನ ಒಂದು ಕಟ್ಟಡವಂತೂ ತನ್ನದೇ ಕಡೆಯ ಜೀವಂತ ಸೈನಿಕರನ್ನು ಅಸ್ಥಿಪಂಜರಗಳಾಗಿ ಮಾರ್ಪಡಿಸಿ ಕೊಡುತ್ತದೆ; ಒಳಗೆ ಹೋದದ್ದು ಡ್ರ್ಯಾಗನ್ ಆದರೆ ಎಲುಬಿನ ಡ್ರ್ಯಾಗನ್ ಆಗಿ ಹೊರಬರುತ್ತದೆ.

ಈ ಬಲ ಎಷ್ಟು ಅತಿಯಾಯಿತೆಂದರೆ, ಅಭಿಮಾನಿಗಳೇ ಕಟ್ಟಿದ ‘ಹಾರ್ನ್ ಆಫ್ ದಿ ಅಬಿಸ್’ ವಿಸ್ತರಣೆಯಲ್ಲಿ ಎದ್ದು ಬರುವ ಅಸ್ಥಿಪಂಜರಗಳ ಪಾಲನ್ನು ಅರ್ಧಕ್ಕೆ ಇಳಿಸಬೇಕಾಯಿತು. ಚಿತ್ರ ಅದೇ, ಸಂಗೀತ ಅದೇ. ಬದಲಾದದ್ದು ಒಂದು ಅಂಕಿ ಮಾತ್ರ, ಅಷ್ಟಕ್ಕೇ ಸ್ಪರ್ಧೆಯ ಸ್ವರೂಪ ಬದಲಾಯಿತು.

2002ರಲ್ಲಿ ಬ್ಲಿಝಾರ್ಡ್ ಸಂಸ್ಥೆಯ ‘ವಾರ್‌ಕ್ರಾಫ್ಟ್ 3’ ಬಂತು. ಇದರಲ್ಲಿ ಸರದಿಯಿಲ್ಲ, ಎಲ್ಲವೂ ಏಕಕಾಲಕ್ಕೆ ನಡೆಯುತ್ತದೆ. ‘ಸ್ಕರ್ಜ್’ ಎಂಬ ಇಲ್ಲಿನ ಸತ್ತವರ ಪಡೆ ನೆಲವನ್ನೇ ಕೆಡಿಸುತ್ತಾ ಹರಡುತ್ತದೆ. ಕಟ್ಟಡ ಎದ್ದಲ್ಲೆಲ್ಲ ಸುತ್ತಲಿನ ಹುಲ್ಲು ಕಪ್ಪಾಗುತ್ತದೆ. ಆ ಕೆಟ್ಟ ನೆಲದ ಮೇಲೆ ನಿಂತಾಗಲೇ ಇವರ ಗಾಯ ತಾನಾಗಿ ಮಾಯುವುದು. ಮನುಷ್ಯರ ಬಣದ ಕೆಲಸಗಾರ ಸುತ್ತಿಗೆ ಹಿಡಿದು ಕಟ್ಟಡ ಮುಗಿಯುವವರೆಗೂ ಬಡಿಯುತ್ತಿರಬೇಕು. ಸ್ಕರ್ಜ್‌ನ ಸೇವಕ ಮಂತ್ರ ಹಾಕಿ ಬೇರೆ ಕೆಲಸಕ್ಕೆ ಹೋದರೆ ಸಾಕು, ಕಟ್ಟಡ ತಾನೇ ಎದ್ದು ನಿಲ್ಲುತ್ತದೆ.

ಕದನದ ನಂತರ ನೆಲದಲ್ಲಿ ಬಿದ್ದ ಹೆಣಗಳಿಗೂ ಇಲ್ಲಿ ಬೆಲೆಯಿದೆ. ಮಾಂತ್ರಿಕನೊಬ್ಬ ಒಂದು ಹೆಣದಿಂದ ಎರಡು ಅಸ್ಥಿಪಂಜರಗಳನ್ನು ಎಬ್ಬಿಸಬಲ್ಲ. ‘ಗೂಲ್’ಗಳು ಹೆಣ ತಿಂದು ಚೇತರಿಸಿಕೊಳ್ಳುತ್ತವೆ. ಹೆಣ ತುಂಬಿಕೊಂಡು ಸಾಗುವ ಬಂಡಿಯೂ ಉಂಟು, ಯುದ್ಧಭೂಮಿಯಲ್ಲಿ ಹೆಣ ಸಿಗದೇ ಹೋದರೆ ಎಂಬ ಮುಂಜಾಗ್ರತೆಗೆ. ಇಷ್ಟು ಸಾಲದೆಂಬಂತೆ ಲಿಚ್ ನಾಯಕ ತನ್ನದೇ ಸೈನಿಕನನ್ನು ಬಲಿಕೊಟ್ಟು ಅವನ ಜೀವವನ್ನು ಮಂತ್ರಶಕ್ತಿಯಾಗಿ ಪಡೆಯುತ್ತಾನೆ. ಹೀಗೆ ಆಡುತ್ತಾ ಹೋದಂತೆ ಆಟಗಾರನ ಯೋಚನೆಯ ದಾರಿಯೇ ಬದಲಾಗುತ್ತದೆ. ತನ್ನ ಕಡೆಯವನೊಬ್ಬ ಸತ್ತರೆ ಅಯ್ಯೋ ಎನ್ನುವ ಬದಲು ಅವನ ಹೆಣ ಎಲ್ಲಿ ಬಿತ್ತು ಎಂದು ನೋಡುತ್ತಾನೆ.

ಇದೇ ಆಟದ ಕಥೆ ಈ ಬದಲಾವಣೆಯನ್ನು ಒಬ್ಬ ಮನುಷ್ಯನಲ್ಲಿ ತೋರಿಸುತ್ತದೆ. ರಾಜಕುಮಾರ ಆರ್ಥಸ್ ಪ್ರಜೆಗಳನ್ನು ಉಳಿಸಲು ಹೊರಟವನು. ಸ್ಟ್ರಾಥೋಮ್ ನಗರಕ್ಕೆ ಬರುವಷ್ಟರಲ್ಲಿ ಜನ ರೋಗದ ಧಾನ್ಯ ತಿಂದಾಗಿದೆ, ಇನ್ನು ಸ್ವಲ್ಪ ಹೊತ್ತಿಗೆ ಎಲ್ಲರೂ ಶತ್ರುವಿನ ಸೇನೆಯಾಗಿ ಏಳುತ್ತಾರೆ. ಅದಕ್ಕೆ ಮೊದಲೇ ಅವರನ್ನೆಲ್ಲ ಕೊಲ್ಲಬೇಕೆಂದು ಆರ್ಥಸ್ ತೀರ್ಮಾನಿಸುತ್ತಾನೆ. ಆ ಕೆಲಸ ಮಾಡುವುದು ದೃಶ್ಯದಲ್ಲಲ್ಲ, ಆಟಗಾರನ ಕೈಯಲ್ಲೇ. ಒಂದು ಕಡೆ ಅವನು, ಇನ್ನೊಂದು ಕಡೆ ರಾಕ್ಷಸ ಮಾಲ್‌ಗಾನಿಸ್. ಯಾರು ಎಷ್ಟು ಜನರನ್ನು ಮೊದಲು ಪಡೆದರು ಎಂಬ ಲೆಕ್ಕ ಪರದೆಯ ಮೇಲೆ ಏರುತ್ತಿರುತ್ತದೆ. ಮುಂದೆ ಶಾಪಗ್ರಸ್ತ ಖಡ್ಗ ಹಿಡಿದ ಆರ್ಥಸ್ ತಂದೆಯನ್ನೇ ಕೊಂದು ಸತ್ತವರ ಪಡೆಯ ಸೇನಾನಿಯಾಗುತ್ತಾನೆ. ಜನರನ್ನು ಎಣಿಕೆಯಾಗಿ ನೋಡಲು ಅವನು ಕಲಿತದ್ದು ಸ್ಟ್ರಾಥೋಮ್‌ನ ಬೀದಿಗಳಲ್ಲೇ.

ಇಷ್ಟು ಬಲಕ್ಕೆ ಕಡಿವಾಣ ಹಾಕುವುದೂ ಆಟ ರೂಪಿಸುವವರ ಹೊಣೆ. ‘ಟೋಟಲ್ ವಾರ್: ವಾರ್‌ಹ್ಯಾಮರ್’ ಆಟ 2016ರಲ್ಲಿ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿತು. ಇದರ ‘ವ್ಯಾಂಪೈರ್ ಕೌಂಟ್ಸ್’ ಬಣದ ಸೈನಿಕರು ಹೆದರಿ ಓಡುವುದಿಲ್ಲ, ಅವರನ್ನು ಕಂಡವರಿಗೇ ಹೆದರಿಕೆ. ಆದರೆ ಅವರನ್ನು ಎತ್ತಿ ನಿಲ್ಲಿಸಿರುವುದು ಮಂತ್ರ ಮಾತ್ರ. ಕದನ ಕೈಮೀರಿದಾಗ ಆ ಬಂಧ ಸಡಿಲಗೊಂಡು ನಿಂತಲ್ಲೇ ಪುಡಿಯಾಗುತ್ತಾರೆ. ಸೇನಾಪತಿ ಸತ್ತರಂತೂ ಇಡೀ ಪಡೆಗೆ ಗಂಡಾಂತರ. ಬಿಲ್ಲುಗಾರರೂ ಇವರಲ್ಲಿಲ್ಲ. 2018ರಲ್ಲಿ ಸರಣಿಯ ಎರಡನೇ ಆಟಕ್ಕೆ ಸೇರಿದ ‘ಟೂಂಬ್ ಕಿಂಗ್ಸ್’ ಬಣದ ಮಾದರಿ ಪ್ರಾಚೀನ ಈಜಿಪ್ಟ್. ಈ ಸೈನಿಕರಿಗೆ ಸಂಬಳವಿಲ್ಲ, ಸಾಕುವ ಖರ್ಚೂ ಇಲ್ಲ. ಅದಕ್ಕೆ ಪ್ರತಿಯಾಗಿ ಯಾವ ಬಗೆಯ ಸೈನಿಕರು ಎಷ್ಟಿರಬಹುದು ಎಂಬುದಕ್ಕೆ ಮಿತಿಯಿದೆ. ಸತ್ತ ಮೇಲೂ ದುಡಿಸಿಕೊಳ್ಳುವ ದೊರೆಗಳ ಕಥೆಗೆ ಹೈಟಿಯ ಆ ಹಳೆಯ ಭಯ ಎಷ್ಟು ಹತ್ತಿರದ್ದು ಎಂದು ಇಲ್ಲಿ ಹೊಳೆಯುತ್ತದೆ.

ಇನ್ನೊಂದು ಕಡಿವಾಣ, ಲೋಕದ ನಿಯಮವನ್ನೇ ತಲೆಕೆಳಗು ಮಾಡುವುದು. ಜೀವ ಕೊಡುವುದು ಇವರಿಗೆ ವಿಷ. ‘ಫೈನಲ್ ಫ್ಯಾಂಟಸಿ 6’ರಲ್ಲಿ (1994) ಸತ್ತವರ ಆತ್ಮಗಳನ್ನು ಹೊತ್ತೊಯ್ಯುವ ರೈಲೊಂದು ಶತ್ರುವಾಗಿ ಎದುರಾಗುತ್ತದೆ. ಬಿದ್ದ ಗೆಳೆಯನನ್ನು ಬದುಕಿಸಲು ಇರುವ ಫೀನಿಕ್ಸ್ ಹಕ್ಕಿಯ ಗರಿಯನ್ನು ಅದರ ಮೇಲೆ ಬಳಸಿದರೆ ರೈಲು ಒಂದೇ ಏಟಿಗೆ ಮುಗಿಯುತ್ತದೆ. 2017ರ ‘ಡಿವಿನಿಟಿ: ಒರಿಜಿನಲ್ ಸಿನ್ 2’ ಈ ನಿಯಮವನ್ನು ಆಟಗಾರನ ಮೈಗೇ ಅಂಟಿಸಿತು. ಅಸ್ಥಿಪಂಜರವಾಗಿ ಆಡುವವನಿಗೆ ಔಷಧ ಗಾಯ ಮಾಡುತ್ತದೆ, ವಿಷ ಗುಣ ಮಾಡುತ್ತದೆ. ಬೀಗ ತೆಗೆಯಲು ಬೆರಳಿನ ಎಲುಬೇ ಸಾಕು. ಆದರೆ ಮುಖ ಮುಚ್ಚದೆ ಊರೊಳಗೆ ಕಾಲಿಟ್ಟರೆ ಜನ ಚೀರಿ ಓಡುತ್ತಾರೆ, ಇಲ್ಲವೇ ಮೇಲೆ ಬೀಳುತ್ತಾರೆ.

ಎದುರಾಳಿಯಾಗಿದ್ದವರು ಹೀಗೆ ಪಾತ್ರಗಳಾದದ್ದು ದೊಡ್ಡ ಪಲ್ಲಟ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ (2004) ಇದನ್ನು ಬಹು ದೂರ ಒಯ್ದಿತು. ಆರ್ಥಸ್ ಕೊಂದು, ಬಲವಂತದಿಂದ ಎಬ್ಬಿಸಿ ಗುಲಾಮಳಾಗಿ ಮಾಡಿಕೊಂಡಿದ್ದ ಸಿಲ್ವಾನಸ್ ಎಂಬ ಯೋಧೆ, ಅವನ ಒಡೆಯನ ಹಿಡಿತ ಸಡಿಲವಾದಾಗ ತನ್ನ ಇಚ್ಛೆಯನ್ನು ಮರಳಿ ಪಡೆಯುತ್ತಾಳೆ. ತನ್ನಂತೆ ಬಿಡಿಸಿಕೊಂಡವರನ್ನೆಲ್ಲ ಕೂಡಿಸಿ ‘ಫರ್ಸೇಕನ್’ ಎಂಬ ಕುಲ ಕಟ್ಟುತ್ತಾಳೆ. ಈ ಕುಲಕ್ಕೆ ಆಟ ಕೊಟ್ಟ ವಿಶೇಷ ಶಕ್ತಿ ಯಾವುದು? ಹೆದರಿಕೆ, ನಿದ್ರೆ, ವಶೀಕರಣದಂಥ ಮಾಟಗಳನ್ನು ಕಿತ್ತೊಗೆಯುವ ಬಲ. ಒಮ್ಮೆ ಇಚ್ಛೆ ಕಳೆದುಕೊಂಡವರಿಗೆ ಸಿಕ್ಕ ಶಕ್ತಿ ಇಚ್ಛೆಯದೇ. ಒಂದು ಸಮುದಾಯದ ಇತಿಹಾಸವನ್ನು ಒಂದು ಗುಂಡಿಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಹೇಳಿದ ಉದಾಹರಣೆ ವಿರಳ.

ಚೀನಾದಲ್ಲಿ ಇದೇ ಆಟದ ಸತ್ತವರ ಮೈಯಲ್ಲಿ ಕಾಣುತ್ತಿದ್ದ ಎಲುಬುಗಳಿಗೆ 2007ರಲ್ಲಿ ಮಾಂಸ ಹೊದಿಸಲಾಯಿತು. ನೋಟ ಬದಲಾದರೂ ಅವರ ಕಥೆ ಬದಲಾಗಲಿಲ್ಲ, ಶಕ್ತಿಗಳೂ ಬದಲಾಗಲಿಲ್ಲ. ಸತ್ತೂ ಸಾಯದವರನ್ನು ಹಾಗೆ ಮಾಡುವುದು ಎಲುಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜೋಂಬಿಗಳನ್ನು ಬರಿ ಗುಂಡಿಗೆ ಗುರಿಯಾಗಿ ನಿಲ್ಲಿಸುವ ಆಟಗಳು ಇಂದು ಮೊಬೈಲ್ ತುಂಬ ಇವೆ. ಆಡಿ ಮರೆಯುವುದಕ್ಕೆ ಅವು ಸಾಕು. ಈ ಕಲ್ಪನೆಯ ಆಳ ತಿಳಿಯಬೇಕಾದವರು ‘ಹೀರೋಸ್ 3’ರಿಂದ ಶುರು ಮಾಡುವುದು ಒಳ್ಳೆಯದು. ಕಾಲು ಶತಮಾನ ದಾಟಿದ ಆಟ, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಮೊದಲು ಮನುಷ್ಯರ ಕೋಟೆಯ ಪರವಾಗಿ ಆಡಿ ಮಸಣದ ಸೇನೆಯನ್ನು ಎದುರಿಸಿ. ಆಮೇಲೆ ನೆಕ್ರೊಪೊಲಿಸ್ ಆಯ್ದುಕೊಂಡು ಅದೇ ನಕ್ಷೆಯನ್ನು ಇನ್ನೊಮ್ಮೆ ಆಡಿ. ಒಂದೇ ಕದನ ಎರಡು ಕಡೆಯಿಂದ ಎಷ್ಟು ಬೇರೆಯಾಗಿ ಕಾಣುತ್ತದೆ ಎಂಬುದು ಆಗ ಗೊತ್ತಾಗುತ್ತದೆ.