ಗಾಡಿಯ ಬೆನ್ನು, ನಮ್ಮ ಬೆನ್ನು



ಕಳೆದ ಭಾನುವಾರ ಬಲಿಪೂಜೆಯ ಬಳಿಕ ಅಕ್ಕಲಕೋಟೆ ಕಡೆಯ ರೈತರೊಬ್ಬರು ನನ್ನ ಬಳಿ ಬಂದು, "ಫಾದರ್, ನಡಾ ಹಿಡಕೊಂಡೈತ್ರೀ, ಎಷ್ಟ್ ಮುಲಾಮ್ ಹಚ್ಚಿದ್ರೂ ಹೋಗವಲ್ದು" ಎಂದರು. ದಿನವೂ ಬೈಕಿಗೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಎರೆಹೊಲದ ದಾರಿಯಲ್ಲಿ ಓಡಾಡುವವರು ಅವರು. ಬೈಕಿನ ಹಿಂಬದಿ ನೋಡಿದೆ. ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿ, ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ಅವರಿಗಿಂತ ಮೊದಲು ಗಾಡಿಗೆ ಔಷಧ ಬೇಕಾಗಿತ್ತು!

ಮಳೆಗಾಲದಲ್ಲಿ ಕೆಸರಾಗುವ ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಗಾಲಿಯ ಜಾಡಿನೊಡನೆ ಒಣಗಿ ಕಲ್ಲಿನಂತಾಗುತ್ತದೆ. 40 ಲೀಟರ್ ಹಾಲು ಸುಮಾರು 41 ಕಿಲೋ. ಎರಡು ಕ್ಯಾನಿಗೆ 82 ಕಿಲೋ, ಕ್ಯಾನಿನ ತೂಕ ಬೇರೆ. ದಾರಿಯ ಹೊಡೆತವನ್ನು ಸ್ಪ್ರಿಂಗು ತಾಳುತ್ತದೆ, ಸ್ಪ್ರಿಂಗಿನ ಕುಣಿತವನ್ನು ಒಳಗಿನ ಎಣ್ಣೆ ತಡೆಯುತ್ತದೆ. ಎಣ್ಣೆ ಹೋದರೆ ಗಾಲಿ ನೆಲ ಬಿಟ್ಟು ಕುಣಿಯುತ್ತದೆ, ಬ್ರೇಕು ಸರಿಯಾಗಿ ಹಿಡಿಯದು, ಬೆನ್ನುಮೂಳೆ ಪ್ರತಿ ಗುಂಡಿಯಲ್ಲೂ ಪೆಟ್ಟು ತಿನ್ನುತ್ತದೆ.

ಆದ್ದರಿಂದ ಹೀಗೆ ಮಾಡಿ:

1. ಸೀಟಿನ ಹಿಂಭಾಗವನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಮೂರು ನಾಲ್ಕು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಕೆಟ್ಟಿದೆ.

2. ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಗಾಲಿಯನ್ನು ಅಡ್ಡಕ್ಕೆ ಅಲುಗಾಡಿಸಿ. ಸಡಿಲವಿದ್ದರೆ ಬುಷ್ ಅಥವಾ ಬೇರಿಂಗ್ ಸವೆದಿರಬಹುದು.

3. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲಿನಂಥ ಕಚ್ಚುಗಳಿವೆ, ಹಲವು ಬೈಕುಗಳಲ್ಲಿ 5. ಭಾರ ಇಳಿಸಿ, ಕೊಂಡಿಯಾಕಾರದ ಪಾನಾದಿಂದ ತಿರುಗಿಸಿ. ಭಾರ ಹೇರುವಾಗ ಬಿಗಿ ಮಾಡಿ, ಬರಿಗಾಡಿ ಓಡಿಸುವಾಗ ಸಡಿಲಿಸಿ. ಎಡಕ್ಕೂ ಬಲಕ್ಕೂ ಒಂದೇ ಮೆಟ್ಟಿಲಿರಲಿ.

4. ಎಣ್ಣೆ ಸೋರಿದ್ದರೆ ಎರಡನ್ನೂ ಜೊತೆಗೇ ಬದಲಿಸಿ. ಒಂದು ಬದಿ ಬಿಚ್ಚಿ, ಹೊಸದನ್ನು ಕೂಡಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ಅನಿಲ ತುಂಬಿದ್ದನ್ನು ಕೊರೆಯುವುದು, ಕಾಯಿಸುವುದು ಅಪಾಯ. ಕೊನೆಗೆ ಚೈನಿನ ಸಡಿಲ, ಟಯರಿನ ಗಾಳಿ ನೋಡಿಕೊಳ್ಳಿ.

ಒಂದು ಮಾತು ನೆನಪಿರಲಿ. ಸ್ಪ್ರಿಂಗು ಬಿಗಿ ಮಾಡಿದರೆ ಗಾಡಿಯ ಹಿಂಭಾಗ ಎತ್ತರವಾಗುತ್ತದೆಯೇ ಹೊರತು ಹೊರುವ ಶಕ್ತಿ ಹೆಚ್ಚುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ಭಾರವನ್ನು ಮೀರಬೇಡಿ. ಆ ಲೆಕ್ಕದಲ್ಲಿ ಓಡಿಸುವವರ ತೂಕವೂ ಸೇರಿದೆ. ಎರಡು ಸಲ ಹೋಗಿ ಬಂದರೆ ಸುಡುವುದು ಪೆಟ್ರೋಲು, ಒಂದೇ ಸಲ ಹೇರಿದರೆ ಸವೆಯುವುದು ಬೆನ್ನು.

ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ಕಾಲಿನ ಬಲ ಕುಂದಿದರೆ ಅಂದೇ ಸೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರನ್ನು ಇಂಥ ಗಾಡಿಯ ಮೇಲೆ ಕೂರಿಸಲೇಬೇಡಿ.

ನೊಗ ಹೂಡುವ ಮೊದಲು ನಮ್ಮ ಹಿರಿಯರು ಎತ್ತಿನ ಹೆಗಲು ಸವರಿ ನೋಡುತ್ತಿದ್ದರು. ಹುಣ್ಣಿದ್ದರೆ ಆ ದಿನ ಹೂಡುತ್ತಿರಲಿಲ್ಲ. ಹೊಸ ಗಾಡಿ ಕೊಂಡಾಗ ಆಶೀರ್ವಾದಕ್ಕೆಂದು ನೀವು ದೇವಾಲಯಕ್ಕೆ ತರುತ್ತೀರಿ, ಸಂತೋಷ. ಆಶೀರ್ವಾದದ ಜೊತೆಗೆ ಪಾಲನೆಯೂ ಇರಲಿ. ರೈತರ ಪಾಲಕ ಸಂತ ಇಸಿದೋರರು ನಿಮ್ಮ ಹೊಲ ಮನೆಗಳಿಗಾಗಿ ಪ್ರಾರ್ಥಿಸಲಿ.